ಟಿಸಿ ತೆಗೆದುಕೊಳ್ಳುವ ಮುನ್ನ: ಪದವಿಯ ನಡುವೆ ಕಾಲೇಜು ಬದಲಿಸುವವರಿಗೆ

ಪದವಿ ಎರಡನೇ ವರ್ಷದ ತರಗತಿ ಶುರುವಾದ ಮೊದಲ ವಾರ ಹಾಜರಿ ಕೂಗುವಾಗ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ‘ಅವಳಿಗೆ ಮದುವೆ ಆಯ್ತು ಮೇಡಂ’, ‘ಅವರಪ್ಪಂಗೆ ವರ್ಗ ಆಯ್ತು’, ‘ಮನೆಯೋರೆಲ್ಲ ಬೆಂಗ್ಳೂರಿಗೆ ಹೋದ್ರು’ ಎಂದು ಪಕ್ಕದವರು ಹೇಳುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡಿದ ಯಾರಿಗೂ ಈ ಮಾತು ಹೊಸದಲ್ಲ. ಆ ಹೆಸರುಗಳಲ್ಲಿ ಹೆಚ್ಚಿನವರು ಫೇಲಾದವರಲ್ಲ, ಓದು ಬೇಸರವಾಗಿ ಬಿಟ್ಟವರೂ ಅಲ್ಲ. ಊರು ಬದಲಾಯಿತು, ಅದರ ಜೊತೆಗೆ ಕಾಲೇಜೂ ಬದಲಾಗಬಹುದು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಖಾಸಗಿ ಕಾಲೇಜಿನ ಮಕ್ಕಳು ಕಾಲೇಜು ಬದಲಿಸುವುದಕ್ಕೂ ಸರ್ಕಾರಿ ಕಾಲೇಜಿನ ಮಕ್ಕಳು ಬದಲಿಸುವುದಕ್ಕೂ ವ್ಯತ್ಯಾಸವಿದೆ. ಇವರು ಇನ್ನೂ ಒಳ್ಳೆಯ ಕಾಲೇಜು ಬೇಕೆಂದು ಹುಡುಕಿಕೊಂಡು ಹೋಗುವುದು ಕಡಿಮೆ. ಮದುವೆ, ಅಪ್ಪನ ಕೆಲಸ, ಅಮ್ಮನ ಕಾಯಿಲೆ, ಹಾಸ್ಟೆಲ್ ಸಿಗದಿರುವುದು, ಬಸ್ಸು ನಿಂತಿರುವುದು, ಬರ ಬಿದ್ದು ಇಡೀ ಕುಟುಂಬ ಗುಳೆ ಹೋಗಿರುವುದು: ಕಾರಣ ಯಾವಾಗಲೂ ಹೊರಗಿನದು. ತೀರ್ಮಾನ ಮನೆಯಲ್ಲಿ ಆಗಿಹೋಗಿರುತ್ತದೆ, ವಿದ್ಯಾರ್ಥಿಗೆ ತಿಳಿಯುವುದು ಕೊನೆಗೆ. ಅದಕ್ಕೇ ಈ ಬರಹವನ್ನು ವಿದ್ಯಾರ್ಥಿಗಳಷ್ಟೇ ಅಲ್ಲ, ಅವರ ಅಪ್ಪ ಅಮ್ಮ, ಅತ್ತೆ ಮಾವ, ಕೈಹಿಡಿದವರೂ ಓದಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊದಲ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು: ಟಿಸಿ ಕೊನೆಗೆ. ಊರು ಬಿಡುವುದು ನಿಶ್ಚಯವಾದ ಕೂಡಲೇ ಕಾಲೇಜಿಗೆ ಬಂದು ಟಿಸಿ ಕೊಡಿ ಎಂದು ಕೇಳುವವರೇ ಹೆಚ್ಚು. ಕೊಟ್ಟುಬಿಡುತ್ತಾರೆ ಕೂಡ. ಟಿಸಿ ಕೈಗೆ ಬಂದ ಕ್ಷಣದಿಂದ ನೀವು ಯಾವ ಕಾಲೇಜಿಗೂ ಸೇರಿದವರಲ್ಲ. ಹೊಸ ಊರಿನ ಕಾಲೇಜಿನಲ್ಲಿ ಆ ವರ್ಷದ ಸೀಟು ತುಂಬಿದ್ದರೆ, ನಿಮ್ಮ ವಿಷಯಗಳು ಅಲ್ಲಿ ಇಲ್ಲದಿದ್ದರೆ, ಪ್ರವೇಶದ ಕೊನೆಯ ದಿನ ಮುಗಿದಿದ್ದರೆ, ಹಿಂದಿರುಗಲು ದಾರಿ ಕಷ್ಟ. ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಹೊಸ ಕಾಲೇಜಿಗೆ ಹೋಗಿ ಸೀಟು ಮತ್ತು ವಿಷಯಗಳನ್ನು ವಿಚಾರಿಸಿ, ಸೇರಿಸಿಕೊಳ್ಳಲು ಒಪ್ಪಿಗೆಯಿದೆ ಎಂಬ ಪತ್ರವನ್ನು ಪ್ರಾಂಶುಪಾಲರಿಂದ ಬರೆಸಿಕೊಳ್ಳಿ. ಆಮೇಲೆ ಈಗಿನ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಪಡೆಯಿರಿ. ಎರಡನ್ನೂ ಸೇರಿಸಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಟ್ಟು, ಅಲ್ಲಿಂದ ಅನುಮತಿ ಬಂದ ಮೇಲೆ ಟಿಸಿ ಕೇಳಿ. ಬಾಯಿಮಾತಿನ ‘ಆಯ್ತು, ಬನ್ನಿ ನೋಡೋಣ’ ಒಪ್ಪಿಗೆಯಲ್ಲ. ಹೇಳಿದವರೇ ಮುಂದಿನ ವಾರ ವರ್ಗವಾಗಿ ಹೋಗಿರಬಹುದು.

ನಕ್ಷೆಯಲ್ಲಿ ಹತ್ತಿರ, ಕಡತದಲ್ಲಿ ದೂರ

ಕಾಲೇಜು ಬದಲಾವಣೆಯಲ್ಲಿ ಎರಡು ಬಗೆ. ಒಂದೇ ವಿಶ್ವವಿದ್ಯಾಲಯದ ಒಳಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಸಲೀಸು. ವಿಶ್ವವಿದ್ಯಾಲಯವೇ ಬದಲಾದರೆ ಕೆಲಸ ಎರಡು ಪಟ್ಟಾಗುತ್ತದೆ. ಯಾವ ಊರು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದನ್ನು ಬಸ್ಸಿನ ದಾರಿ ನೋಡಿ ಊಹಿಸಲಾಗದು. ಉತ್ತರ ಕನ್ನಡದ ಸಿದ್ದಾಪುರ ಮತ್ತು ಶಿವಮೊಗ್ಗ ಜಿಲ್ಲೆಯ ಸಾಗರ ಅಕ್ಕಪಕ್ಕದ ತಾಲ್ಲೂಕುಗಳು. ಮದುವೆ, ಸಂತೆ, ಆಸ್ಪತ್ರೆ ಎಂದು ಜನ ದಿನವೂ ಓಡಾಡುತ್ತಾರೆ. ಆದರೆ ಸಿದ್ದಾಪುರದ ಪದವಿ ಕಾಲೇಜು ಸೇರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ, ಸಾಗರದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ. ಸಿದ್ದಾಪುರದ ಹುಡುಗಿ ಘಟ್ಟವಿಳಿದು ದೂರದ ಕಾರವಾರಕ್ಕೆ ಹೋದರೆ ವಿಶ್ವವಿದ್ಯಾಲಯ ಅದೇ. ಪಕ್ಕದ ಸಾಗರಕ್ಕೆ ಹೋದರೆ ಬೇರೆ. ಶಿವಮೊಗ್ಗ ಮತ್ತು ದಾವಣಗೆರೆಯ ನಡುವೆಯೂ ಹೀಗೇ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಕುವೆಂಪು ವಿಶ್ವವಿದ್ಯಾಲಯದಿಂದ ಬೇರೆಯಾಯಿತು.

ಬೆಂಗಳೂರಿನಲ್ಲಿ ಇದು ಇನ್ನೂ ಗೊಂದಲ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾದ ಮೇಲೆ ಒಂದೇ ನಗರದ ಕಾಲೇಜುಗಳು ಹಳೆಯ ವಿಶ್ವವಿದ್ಯಾಲಯ, ನಗರ ವಿಶ್ವವಿದ್ಯಾಲಯ, ಉತ್ತರ ವಿಶ್ವವಿದ್ಯಾಲಯ ಎಂದು ಹಂಚಿಹೋದವು. ಇವು ಸಾಲದೆಂಬಂತೆ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ ಮತ್ತು ಹಳೆಯ ಸರ್ಕಾರಿ ವಿಜ್ಞಾನ ಕಾಲೇಜಿನಿಂದ ರೂಪುಗೊಂಡ ನೃಪತುಂಗ ವಿಶ್ವವಿದ್ಯಾಲಯ ತಮ್ಮದೇ ಪಠ್ಯಕ್ರಮ, ಪರೀಕ್ಷೆ ನಡೆಸುತ್ತವೆ. ಹಾಸನ, ಕೊಡಗು, ಚಾಮರಾಜನಗರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್‌ಗಳಲ್ಲಿ ಇತ್ತೀಚೆಗೆ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳಲ್ಲಿ ಕೆಲವನ್ನು ಮತ್ತೆ ಹಳೆಯದಕ್ಕೆ ಸೇರಿಸುವ ಮಾತು 2025ರಲ್ಲಿ ಎದ್ದಿತು. ಹಾಗಾಗಿ ಜಿಲ್ಲೆಯ ಹೆಸರು ನೋಡಿ ನಿರ್ಧರಿಸಬೇಡಿ. ನಿಮ್ಮ ಇತ್ತೀಚಿನ ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ, ಹೋಗಬೇಕಾದ ಕಾಲೇಜಿನ ಎರಡನೇ ವರ್ಷದವರ ಅಂಕಪಟ್ಟಿಯ ಮೇಲೆ ಯಾವುದಿದೆ ಎಂದು ನೋಡಿ. ಅದಕ್ಕಿಂತ ಖಚಿತವಾದ ಪುರಾವೆ ಬೇರೆ ಇಲ್ಲ.

ಆಯ್ಕೆಗೆ ಸ್ವಲ್ಪವಾದರೂ ಜಾಗವಿದ್ದರೆ, ಅದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಕಾಲೇಜನ್ನೇ ಹುಡುಕಿ ಎನ್ನುತ್ತೇನೆ. ಒಂದು ಗಂಟೆ ಹೆಚ್ಚು ಬಸ್ಸಿನಲ್ಲಿ ಕೂರಬೇಕಾದರೂ ಸರಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಮೊದಲು ಯೋಚನೆಯೇ ಇಲ್ಲದೆ ಬಿಟ್ಟುಬಿಡುತ್ತಿದ್ದ ದೂರದ ಕಾಲೇಜು ಈಗ ಲೆಕ್ಕಕ್ಕೆ ಬರುತ್ತದೆ. ಗಂಡುಮಕ್ಕಳು ಹೊಸ ಕಾಲೇಜಿನ ಹೆಸರಿನಲ್ಲಿ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಮೂಲಕ ಹೊಸದಾಗಿ ಅರ್ಜಿ ಹಾಕಬೇಕು. ಹಳೆಯ ಪಾಸು ನಡೆಯದು.

ಪತ್ರಿಕೆಗಳ ಲೆಕ್ಕ

‘ಸೀಟು ಇದೆಯಾ ಸಾರ್?’ ಎಂದು ಎಲ್ಲರೂ ಕೇಳುತ್ತಾರೆ. ‘ನಾನು ಪಾಸಾದ ಪತ್ರಿಕೆಗಳಲ್ಲಿ ಯಾವುವನ್ನು ನೀವು ಒಪ್ಪುತ್ತೀರಿ?’ ಎಂದು ಕೇಳುವವರು ಅಪರೂಪ. ಕಾಲೇಜು ಬದಲಿಸಿದವರ ಕಷ್ಟ ಬಹುಪಾಲು ಶುರುವಾಗುವುದು ಆ ಕೇಳದ ಪ್ರಶ್ನೆಯಿಂದ.

ನಮ್ಮಲ್ಲಿ ಓದಿ ಮದುವೆಯಾಗಿ ಹೋದ ಒಬ್ಬ ಬಿ.ಎ. ವಿದ್ಯಾರ್ಥಿನಿಯ ಅನುಭವ ಹೇಳುತ್ತೇನೆ. ಎರಡು ಸೆಮಿಸ್ಟರ್ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು. ಬೇಸಿಗೆ ರಜೆಯಲ್ಲಿ ಮದುವೆ. ಗಂಡನ ಊರು ಬೇರೆ ವಿಶ್ವವಿದ್ಯಾಲಯದ ವ್ಯಾಪ್ತಿ. ಅವಳ ಅತ್ತೆ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಸೊಸೆ ಓದು ಮುಗಿಸಲೇಬೇಕೆಂದು ಹಟ ಹಿಡಿದು, ತಾವೇ ಜೊತೆಗೆ ನಿಂತು ಕಾಲೇಜಿಗೆ ಸೇರಿಸಿದರು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಅವಳ ಮೂರು ವಿಷಯಗಳು. ಹೊಸ ಕಾಲೇಜಿನಲ್ಲಿ ಅದೇ ಸಂಯೋಜನೆ ಇತ್ತು, ಸೀಟೂ ಇತ್ತು. ಎಲ್ಲ ಸರಿಹೋಯಿತೆಂದು ತರಗತಿಗೆ ಕೂತಾಗ ಇತಿಹಾಸದ ಮೇಷ್ಟ್ರು ಆರಂಭಿಸಿದ ಪಾಠ ಅವಳು ಹಿಂದಿನ ವರ್ಷವೇ ಓದಿ ಪರೀಕ್ಷೆ ಬರೆದಿದ್ದ ಪಾಠ. ಉಳಿದವರು ಮೊದಲ ವರ್ಷ ಓದಿ ಮುಗಿಸಿದ್ದ ಪತ್ರಿಕೆಯನ್ನು ಅವಳು ಕಂಡೇ ಇರಲಿಲ್ಲ. ಎರಡು ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೆಗಳ ಸರದಿ ಬೇರೆ. ಭಾಷಾ ಪತ್ರಿಕೆಯಲ್ಲಿ ಪಠ್ಯಪುಸ್ತಕವೇ ಬೇರೆ. ನಮ್ಮ ವಿಶ್ವವಿದ್ಯಾಲಯಗಳು ಕನ್ನಡ ಪಠ್ಯವನ್ನು ತಮ್ಮದೇ ಸಂಪಾದಕರಿಂದ ಮಾಡಿಸುತ್ತವೆ. ಅಲ್ಲಿಯ ಕಥೆ, ಕಾವ್ಯಭಾಗ ಇಲ್ಲಿ ಇರುವುದಿಲ್ಲ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ವಿಶ್ವವಿದ್ಯಾಲಯಗಳಲ್ಲಿ ಪ್ರತಿ ವಿಷಯಕ್ಕೂ ಅಧ್ಯಯನ ಮಂಡಳಿ ಇರುತ್ತದೆ. ಹಿಂದಿನ ಕಡೆಯ ಪಠ್ಯಕ್ರಮವನ್ನು ಮುಂದಿಟ್ಟರೆ, ಎರಡನ್ನೂ ಹೋಲಿಸಿ ಇಷ್ಟು ಪತ್ರಿಕೆ ಸಮ, ಇಷ್ಟು ಉಳಿಯಿತು ಎಂದು ಮಂಡಳಿಯ ಅಧ್ಯಕ್ಷರು ಬರೆದುಕೊಡುತ್ತಾರೆ. ಉಳಿದ ಪತ್ರಿಕೆಗಳನ್ನು ವಿದ್ಯಾರ್ಥಿ ಹೆಚ್ಚುವರಿಯಾಗಿ ಬರೆದು ಪಾಸಾಗಬೇಕು. ಆ ಹುಡುಗಿ ಕೊನೆಗೂ ಎರಡು ಉಳಿದ ಪತ್ರಿಕೆಗಳನ್ನು ಮುಂದಿನ ಸೆಮಿಸ್ಟರುಗಳ ಜೊತೆ ಬರೆದಳು. ಸೇರುವ ಮೊದಲೇ ಆ ಲೆಕ್ಕ ಗೊತ್ತಿದ್ದರೆ ರಜೆಯಲ್ಲಿ ಓದಿಕೊಳ್ಳುತ್ತಿದ್ದಳು. ಪರೀಕ್ಷಾ ಅರ್ಜಿ ತುಂಬುವ ಹೊತ್ತಿಗೆ ತಿಳಿದು, ಕೂಸು ಹೊಟ್ಟೆಯಲ್ಲಿದ್ದ ತಿಂಗಳುಗಳಲ್ಲಿ ದಿಕ್ಕೆಟ್ಟು ಓದಬೇಕಾಯಿತು.

ಹಾಗಾಗಿ ಊರು ಬಿಡುವ ಮೊದಲು ನೀವು ಓದಿದ ಪ್ರತಿ ಪತ್ರಿಕೆಯ ಪಠ್ಯಕ್ರಮದ ಪ್ರತಿ ತೆಗೆದಿಡಿ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಮುದ್ರಿಸಿ ವಿಭಾಗದ ಮುಖ್ಯಸ್ಥರ ಸಹಿ, ಕಾಲೇಜಿನ ಮೊಹರು ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಎರಡು ವರ್ಷ ಬಿಟ್ಟು ಕೇಳಿದರೆ ಆ ಪಠ್ಯಕ್ರಮ ಬದಲಾಗಿ, ಹಳೆಯದು ಜಾಲತಾಣದಿಂದ ಮಾಯವಾಗಿರುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಇದು ಬಹಳ ಮಕ್ಕಳನ್ನು ಕಾಡಿತು. 2021–22ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. 2024–25ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ಎರಡರ ನಡುವೆ ಓದು ನಿಲ್ಲಿಸಿ ಈಗ ಮರಳಲು ಬಯಸುವವರಿಗೆ ಕಾಲೇಜು ಬದಲಾವಣೆ ಮಾತ್ರವಲ್ಲ, ಪದವಿಯ ಚೌಕಟ್ಟೇ ಬದಲಾಗಿರುತ್ತದೆ. ಅಂಥವರು ‘ಯಾವ ಯೋಜನೆಯಡಿ ನನ್ನನ್ನು ಸೇರಿಸಿಕೊಳ್ಳುತ್ತೀರಿ’ ಎಂಬುದನ್ನು ಕಡ್ಡಾಯವಾಗಿ ಬರವಣಿಗೆಯಲ್ಲಿ ಕೇಳಬೇಕು. ಪದವಿ ಮುಗಿಸಲು ಪ್ರತಿ ವಿಶ್ವವಿದ್ಯಾಲಯವೂ ಗರಿಷ್ಠ ಅವಧಿ ಇಟ್ಟಿರುತ್ತದೆ. ಅದು ಮೀರುವ ಮೊದಲೇ ಕದ ತಟ್ಟಿ.

ಅನುಭವದಿಂದ ಒಂದು ಮಾತು: ಬಿ.ಕಾಂ ವಿದ್ಯಾರ್ಥಿಗಳಿಗೆ ಬದಲಾವಣೆ ಸುಲಭ, ಏಕೆಂದರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ವಿಷಯಗಳು. ಬಿ.ಎ.ಯಲ್ಲಿ ಸಂಯೋಜನೆ ಹೊಂದಬೇಕು. ಅಪರೂಪದ ವಿಷಯ ತೆಗೆದುಕೊಂಡವರು, ಅಂದರೆ ಭೂಗೋಳ, ಮನಶ್ಶಾಸ್ತ್ರ, ಪತ್ರಿಕೋದ್ಯಮ, ಐಚ್ಛಿಕ ಇಂಗ್ಲಿಷ್ ಇರುವವರು, ಮೊದಲು ಆ ವಿಷಯವಿರುವ ಕಾಲೇಜುಗಳ ಪಟ್ಟಿ ಮಾಡಿಕೊಂಡು ಅಲ್ಲಿಂದ ಊರು ಹುಡುಕುವುದು ವಾಸಿ. ಬಿ.ಎಸ್ಸಿ ಎಲ್ಲಕ್ಕಿಂತ ಬಿಗಿ. ಪ್ರಯೋಗಾಲಯದ ಬ್ಯಾಚಿನಲ್ಲಿ ಜಾಗ ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಮನಸ್ಸಿದ್ದರೂ ಸೇರಿಸಿಕೊಳ್ಳಲಾಗದು. ಎಂಜಿನಿಯರಿಂಗಿನವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮಗಳೇ ಬೇರೆ, ಅವರು ಅಲ್ಲಿನ ಸುತ್ತೋಲೆ ನೋಡಬೇಕು.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ ಬೇಡ: ‘ಈ ವಿಷಯಕ್ಕೆ ಈಗ ಪಾಠ ಮಾಡುವವರು ಇದ್ದಾರೆಯೇ?’ ನಮ್ಮ ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನೇ ಬಹುವಾಗಿ ನೆಚ್ಚಿವೆ. ಅವರ ನೇಮಕ ತಡವಾದ ವರ್ಷ ಕೆಲವು ಪತ್ರಿಕೆಗಳಿಗೆ ತರಗತಿಯೇ ತಡವಾಗಿ ಶುರುವಾಗುತ್ತದೆ. ಮೊದಲೇ ಉಳಿದ ಪತ್ರಿಕೆಗಳ ಹೊರೆ ಇರುವ ವಿದ್ಯಾರ್ಥಿಗೆ ಪಾಠವೂ ಇಲ್ಲದಿದ್ದರೆ ಕಷ್ಟ.

ಯಾವಾಗ, ಯಾವ ಕಾಗದ

ಬದಲಾವಣೆಗೆ ಸಾಮಾನ್ಯವಾಗಿ ಅವಕಾಶ ಸಿಗುವುದು ವರ್ಷದ ಆರಂಭದಲ್ಲಿ, ಅಂದರೆ ಮೂರನೇ ಅಥವಾ ಐದನೇ ಸೆಮಿಸ್ಟರಿನ ಪ್ರವೇಶದ ವೇಳೆ. ನಡು ಸೆಮಿಸ್ಟರಿನಲ್ಲಿ ಹೋದರೆ ಎರಡೂ ಕಡೆ ಹಾಜರಿ ಕೊರತೆ ಬರುತ್ತದೆ. ಪರೀಕ್ಷೆಗೆ ಕೂರಲು ಬೇಕಾದ ಶೇ. 75 ಹಾಜರಿಯನ್ನು ಹೊಸ ಕಾಲೇಜು ಹೇಗೆ ಲೆಕ್ಕ ಹಾಕಬೇಕೆಂಬ ಜಗಳ ಶುರುವಾಗುತ್ತದೆ. ಆಂತರಿಕ ಅಂಕಗಳೂ ಅರ್ಧಕ್ಕೆ ನಿಲ್ಲುತ್ತವೆ. ಐದನೇ ಸೆಮಿಸ್ಟರಿಗಿಂತ ಮೂರನೆಯದೇ ಒಳ್ಳೆಯದು. ಕೊನೆಯ ವರ್ಷಕ್ಕೆ ಬಂದವರನ್ನು ತೆಗೆದುಕೊಳ್ಳಲು ಎಷ್ಟೋ ವಿಶ್ವವಿದ್ಯಾಲಯಗಳು ಹಿಂಜರಿಯುತ್ತವೆ. ಪದವಿ ತಮ್ಮ ಹೆಸರಿನಲ್ಲಿ ಹೋಗಬೇಕು, ಓದಿದ್ದು ಮಾತ್ರ ಬಹುಪಾಲು ಬೇರೆಡೆ ಎಂಬುದು ಅವರ ತಕರಾರು. ಅದರಲ್ಲಿ ನ್ಯಾಯವಿಲ್ಲದಿಲ್ಲ.

ಮದುವೆ ಮೇ ತಿಂಗಳಲ್ಲಿದ್ದು ಪರೀಕ್ಷೆ ಇನ್ನೂ ಮುಗಿದಿಲ್ಲವೆಂದಾದರೆ, ತವರಿನಲ್ಲೇ ಉಳಿದು ಪರೀಕ್ಷೆ ಬರೆದು ಹೋಗುವುದನ್ನು ಎರಡೂ ಮನೆಯವರು ಮೊದಲೇ ಮಾತಾಡಿಕೊಳ್ಳಲಿ. ಬರೆಯದೆ ಹೋದ ಒಂದು ಸೆಮಿಸ್ಟರ್ ಬದಲಾವಣೆಯ ಅರ್ಜಿಯನ್ನೇ ದುರ್ಬಲ ಮಾಡುತ್ತದೆ. ಛತ್ರ ಗೊತ್ತುಮಾಡುವ ದಿನವೇ ಪರೀಕ್ಷಾ ವೇಳಾಪಟ್ಟಿಯನ್ನೂ ಒಮ್ಮೆ ಕೇಳಿ ಎಂದು ನಾನು ನಮ್ಮ ವಿದ್ಯಾರ್ಥಿನಿಯರ ತಂದೆತಾಯಿಗಳಿಗೆ ಹೇಳುತ್ತಲೇ ಇರುತ್ತೇನೆ. ಕೇಳಿಸಿಕೊಂಡವರಿದ್ದಾರೆ.

ಕಾಗದಗಳ ವಿಷಯಕ್ಕೆ ಬಂದರೆ, ಒಂದೇ ವಿಶ್ವವಿದ್ಯಾಲಯದೊಳಗೆ ಸಾಕಾಗುವುದು ಹೊಸ ಕಾಲೇಜಿನ ಒಪ್ಪಿಗೆ, ಹಳೆಯದರ ನಿರಾಕ್ಷೇಪಣೆ, ವಿಶ್ವವಿದ್ಯಾಲಯದ ಅನುಮತಿ ಮತ್ತು ಶುಲ್ಕದ ರಸೀದಿ, ಆಮೇಲೆ ಟಿಸಿ ಮತ್ತು ನಡತೆ ಪತ್ರ. ವಿಶ್ವವಿದ್ಯಾಲಯ ಬದಲಾದರೆ ಹಳೆಯದರಿಂದ ವಲಸೆ ಪ್ರಮಾಣಪತ್ರ, ಹೊಸದರಿಂದ ಅರ್ಹತಾ ಪ್ರಮಾಣಪತ್ರ ಮತ್ತು ಪತ್ರಿಕೆಗಳ ಸಮಾನತೆಯ ಪತ್ರ ಸೇರುತ್ತವೆ. ಮದುವೆಯ ಕಾರಣವಾದರೆ ಮದುವೆ ನೋಂದಣಿ ಪತ್ರ, ತಂದೆಯ ವರ್ಗವಾದರೆ ಆದೇಶದ ಪ್ರತಿ, ಕಾಯಿಲೆಯಾದರೆ ವೈದ್ಯರ ಪತ್ರ ಜೊತೆಗಿದ್ದರೆ ಅರ್ಜಿಗೆ ಬಲ. ಪ್ರತಿ ಅರ್ಜಿಯನ್ನೂ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ‘ಅಷ್ಟೆಲ್ಲ ಬೇಡಮ್ಮ, ಮಾಡ್ಕೊಡ್ತೀವಿ’ ಎಂದರೂ ವಿನಯದಿಂದ ಕೇಳಿ ಹಾಕಿಸಿಕೊಳ್ಳಿ. ಕಡತ ಎಲ್ಲಿ ನಿಂತಿದೆ ಎಂದು ಆಮೇಲೆ ವಿಚಾರಿಸಲು, ಅಗತ್ಯಬಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಲು, ಆ ಮೊಹರೇ ಆಧಾರ.

ಎಸ್ಸೆಸ್ಸೆಲ್ಸಿ, ಪಿಯುಸಿಯ ಮೂಲ ಅಂಕಪಟ್ಟಿಗಳು ಕಾಲೇಜಿನಲ್ಲೇ ಉಳಿದಿದ್ದರೆ ಕೇಳಿ ಪಡೆಯಿರಿ. ಪರಿಶೀಲಿಸಿ ಹಿಂದಿರುಗಿಸಬೇಕು, ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಗ್ರಂಥಾಲಯದ ಬಾಕಿ, ಎನ್‌ಎಸ್‌ಎಸ್ ಅಥವಾ ಕ್ರೀಡಾ ವಿಭಾಗದ ಸಾಮಾನು, ಹಾಸ್ಟೆಲ್ ಬಾಕಿ ಮೊದಲೇ ತೀರಿಸಿಕೊಳ್ಳಿ. ಬಾಕಿ ಇಲ್ಲವೆಂಬ ಸಹಿಗಾಗಿ ನೂರಾರು ಮೈಲಿ ಹಿಂದಿರುಗಿ ಬರುವುದು ಬೇಡ.

ಈಗ ಪದವಿ ಪ್ರವೇಶದಿಂದ ಪರೀಕ್ಷೆಯವರೆಗಿನ ಬಹುತೇಕ ವ್ಯವಹಾರ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶದಲ್ಲಿ ನಡೆಯುತ್ತದೆ. ಕಾಗದದಲ್ಲಿ ಬದಲಾವಣೆಯಾಗಿ ತಂತ್ರಾಂಶದಲ್ಲಿ ಹೆಸರು ಹಳೆಯ ಕಾಲೇಜಿನಲ್ಲೇ ಉಳಿದರೆ, ಪರೀಕ್ಷಾ ಅರ್ಜಿ ತೆರೆಯುವುದಿಲ್ಲ, ಹಾಲ್‌ ಟಿಕೆಟ್ ಬರುವುದಿಲ್ಲ. ಟಿಸಿ ಕೈಗೆ ಬಂದ ದಿನವೇ ಕಚೇರಿಯ ಗಣಕಯಂತ್ರದ ಮುಂದೆ ನಿಂತು, ‘ನನ್ನ ಹೆಸರನ್ನು ಬಿಡುಗಡೆ ಮಾಡಿದಿರಾ?’ ಎಂದು ಕೇಳಿ ಖಾತ್ರಿಪಡಿಸಿಕೊಳ್ಳಿ. ಹೊಸ ಕಾಲೇಜಿನಲ್ಲಿ ಸೇರಿದ ಮೊದಲ ವಾರವೇ ನಿಮ್ಮ ಲಾಗಿನ್‌ನಲ್ಲಿ ಕಾಲೇಜು, ವಿಷಯ ಸಂಯೋಜನೆ, ಸೆಮಿಸ್ಟರ್ ಸರಿಯಾಗಿ ಕಾಣುತ್ತಿವೆಯೇ ನೋಡಿ.

ಕ್ರೆಡಿಟ್ ಬ್ಯಾಂಕ್ ಎಂಬ ಮಾತನ್ನೂ ಕೇಳಿರುತ್ತೀರಿ. 2021ರ ಜುಲೈನಲ್ಲಿ ಯುಜಿಸಿ ನಿಯಮದಡಿ ಬಂದ ಈ ವ್ಯವಸ್ಥೆಯಲ್ಲಿ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಡಿಜಿಲಾಕರ್‌ಗೆ ಜೋಡಿಸಿದ ಖಾತೆಯಲ್ಲಿ ಗರಿಷ್ಠ ಏಳು ವರ್ಷ ಉಳಿಯುತ್ತವೆ. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕೆಂಬ ನಿಯಮವೂ ಅದರಲ್ಲಿದೆ. ಖಾತೆ ತೆರೆದಿಟ್ಟುಕೊಳ್ಳುವುದು ಒಳ್ಳೆಯದು. ಅದು ನೀವು ಏನೇನು ಪಾಸಾಗಿದ್ದೀರಿ ಎಂಬ ದಾಖಲೆ. ಆದರೆ ಯಾವ ಪತ್ರಿಕೆಯನ್ನು ಒಪ್ಪಬೇಕೆಂದು ನಿರ್ಧರಿಸುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯವೇ. ಖಾತೆಯಲ್ಲಿ ಕ್ರೆಡಿಟ್ ಇದೆಯೆಂದು ಸಮಾನತೆಯ ಪತ್ರ ಬಿಡಬೇಡಿ.

ಹೆಸರು ಬದಲಿಸಬೇಡಿ

ಮದುವೆಯಾದ ಹೆಣ್ಣುಮಕ್ಕಳಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಮದುವೆಯಾದ ಕೆಲವೇ ವಾರಗಳಲ್ಲಿ ಪಡಿತರ ಚೀಟಿ, ಗೃಹಲಕ್ಷ್ಮಿ, ಬ್ಯಾಂಕು ಎಂದು ಆಧಾರ್‌ನಲ್ಲಿ ಗಂಡನ ಹೆಸರು, ಹೊಸ ವಿಳಾಸ ಸೇರಿಸುವುದು ವಾಡಿಕೆ. ವಿಳಾಸ ಬದಲಿಸಿ, ತೊಂದರೆಯಿಲ್ಲ. ನಿಮ್ಮ ಹೆಸರಿನ ಅಕ್ಷರಗಳನ್ನು ಮಾತ್ರ ಪದವಿ ಮುಗಿಯುವವರೆಗೆ ಮುಟ್ಟಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಪದವಿಯ ಕೊನೆಯ ಪ್ರಮಾಣಪತ್ರದವರೆಗೂ ಹಾಗೇ ಹೋಗಬೇಕು. ಆಧಾರ್‌ನಲ್ಲಿ ತಂದೆಯ ಮೊದಲಕ್ಷರ ಹೋಗಿ ಗಂಡನ ಹೆಸರು ಬಂದರೆ ವಿದ್ಯಾರ್ಥಿವೇತನದ ತಂತ್ರಾಂಶ ಒಪ್ಪುವುದಿಲ್ಲ, ಕ್ರೆಡಿಟ್ ಖಾತೆ ಹೊಂದುವುದಿಲ್ಲ, ಒಂದೊಂದು ಕಚೇರಿಯಲ್ಲೂ ಪ್ರಮಾಣಪತ್ರ, ಅಫಿಡವಿಟ್ ಎಂದು ಅಲೆಯಬೇಕು. ನಮ್ಮ ವಿದ್ಯಾರ್ಥಿನಿಯೊಬ್ಬಳ ವರ್ಷದ ವಿದ್ಯಾರ್ಥಿವೇತನ ಹೀಗೇ ಕೈತಪ್ಪಿತು. ತಪ್ಪು ಅವಳದಲ್ಲ, ಹೇಳುವವರಿರಲಿಲ್ಲ.

ವಿದ್ಯಾರ್ಥಿವೇತನ ರಾಜ್ಯದ ಎಸ್‌ಎಸ್‌ಪಿ ತಾಣದ ಮೂಲಕ ಬರುತ್ತದೆ. ಕಾಲೇಜು ಬದಲಾದ ವರ್ಷ ಹೊಸ ಕಾಲೇಜಿನ ವಿವರ, ಹೊಸ ನೋಂದಣಿ ಸಂಖ್ಯೆಯೊಂದಿಗೆ ಅರ್ಜಿ ಹಾಕಬೇಕು. ಮದುವೆಯಾದವರಿಗೆ ಆದಾಯ ಪ್ರಮಾಣಪತ್ರ ಯಾರ ಹೆಸರಿನದು ಬೇಕು ಎಂದು ವಿದ್ಯಾರ್ಥಿವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಹಾಸ್ಟೆಲ್‌ಗೆ ಅರ್ಜಿ ಪ್ರತ್ಯೇಕ. ಹಿಂದುಳಿದ ವರ್ಗ, ಸಮಾಜ ಕಲ್ಯಾಣ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ವರ್ಷಾರಂಭದಲ್ಲೇ ತುಂಬಿಬಿಡುತ್ತವೆ. ವಿಶ್ವವಿದ್ಯಾಲಯದ ಅನುಮತಿಗೆ ಕಾಯುತ್ತ ಕೂತರೆ ಹಾಸ್ಟೆಲ್ ಹೋಗುತ್ತದೆ. ಒಪ್ಪಿಗೆ ಪತ್ರ ಸಿಕ್ಕ ಕೂಡಲೇ ಅದನ್ನೇ ಹಿಡಿದು ವಾರ್ಡನ್ ಮತ್ತು ತಾಲ್ಲೂಕು ಅಧಿಕಾರಿಯನ್ನು ಕಾಣಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆಂದು ವಿದ್ಯಾಸಿರಿ ಯೋಜನೆ ಇದೆ.

ಗರ್ಭಿಣಿಯಾದರೆ ಓದು ಮುಗಿಯಿತು ಎಂದು ಮನೆಯವರೇ ತೀರ್ಮಾನಿಸುವುದನ್ನು ನೋಡಿ ನೋವಾಗಿದೆ. ವಿದ್ಯಾರ್ಥಿನಿಯರಿಗೆ ಹೆರಿಗೆಯ ಸಂದರ್ಭದಲ್ಲಿ ಹಾಜರಿಯಲ್ಲಿ ವಿನಾಯಿತಿ, ಪರೀಕ್ಷಾ ಅರ್ಜಿಯ ದಿನಾಂಕದಲ್ಲಿ ಸಡಿಲಿಕೆ ಕೊಡುವ ನಿಯಮ ಮಾಡಿಕೊಳ್ಳಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಬರೆದಿದೆ. ಪದವಿ ವಿದ್ಯಾರ್ಥಿನಿಯರೂ ಅದರಲ್ಲಿ ಸೇರಿದ್ದಾರೆ. ಆ ಪತ್ರದ ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸಿ ಪ್ರಾಂಶುಪಾಲರಿಗೆ ಕೊಡಿ. ಎಷ್ಟೋ ಕಚೇರಿಗಳಲ್ಲಿ ಆ ಪತ್ರವನ್ನು ಯಾರೂ ನೋಡಿರುವುದಿಲ್ಲ. ನೋಡಿದ ಮೇಲೆ ಇಲ್ಲವೆಂದವರು ಕಡಿಮೆ.

ಹೊಸ ತರಗತಿಯಲ್ಲಿ

ನಿಯಮಗಳೆಲ್ಲ ಮುಗಿದ ಮೇಲೆ ತರಗತಿಯೊಳಗೆ ಹೋಗಿ ಕೂರುವುದು ಉಳಿಯುತ್ತದೆ. ಮೊದಲ ವರ್ಷವೇ ಗುಂಪುಗಳು ಕಟ್ಟಿಕೊಂಡಿರುತ್ತವೆ. ಬೆಂಚುಗಳು ಹಂಚಿಕೆಯಾಗಿರುತ್ತವೆ. ಹೊಸಬಳ ಮಾತಿನ ಧಾಟಿ ಬೇರೆ. ಕರಾವಳಿಯಿಂದ ಬಂದವಳು ‘ಎಂತ’ ಎಂದರೆ ಬಯಲುಸೀಮೆಯವರು ತಿರುಗಿ ನೋಡುತ್ತಾರೆ, ಕಲಬುರಗಿಯ ಹುಡುಗ ಮೈಸೂರಿನಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತಾನೆ. ಮೇಷ್ಟ್ರು ‘ಹೋದ ವರ್ಷ ಹೇಳಿದ್ನಲ್ಲ’ ಎಂದು ಮುಂದುವರಿದಾಗ ಇಡೀ ತರಗತಿಯಲ್ಲಿ ಗೊತ್ತಿಲ್ಲದವರು ನೀವೊಬ್ಬರೇ. ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಲು ಮರೆತಿರುತ್ತಾರೆ. ಆಂತರಿಕ ಪರೀಕ್ಷೆಯ ದಿನ ಅಲ್ಲೇ ಪ್ರಕಟವಾಗಿರುತ್ತದೆ.

ನಾನು ಕಂಡಂತೆ ಹೊಸಬರಿಗೆ ಮೊದಲು ಆಸರೆಯಾಗುವವರು ಗ್ರಂಥಪಾಲಕರು, ಅಟೆಂಡರ್‌ಗಳು ಮತ್ತು ಬಸ್ಸಿನ ಸಹಪ್ರಯಾಣಿಕರು. ಕಚೇರಿಯ ಯಾವ ಮೇಜಿನಲ್ಲಿ ಯಾವ ಕೆಲಸವಾಗುತ್ತದೆ ಎಂದು ಅಟೆಂಡರ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರನ್ನು ಹೆಸರಿನಿಂದ ಮಾತಾಡಿಸಿ, ಗೌರವದಿಂದ ಕೇಳಿ. ಗ್ರಂಥಾಲಯದ ಕಾರ್ಡನ್ನು ಮೊದಲ ದಿನವೇ ಮಾಡಿಸಿಕೊಂಡು ಹಿಂದಿನ ಸೆಮಿಸ್ಟರುಗಳ ಪ್ರಶ್ನೆಪತ್ರಿಕೆ ತೆಗೆದು ನೋಡಿದರೆ, ಆ ವಿಶ್ವವಿದ್ಯಾಲಯ ಏನನ್ನು ಹೇಗೆ ಕೇಳುತ್ತದೆ ಎಂಬುದು ತಿಳಿಯುತ್ತದೆ. ಪ್ರಶ್ನೆಯ ಮಾದರಿ ಒಂದೊಂದು ಕಡೆ ಒಂದೊಂದು ಬಗೆ. ಹತ್ತು ಅಂಕದ ಉತ್ತರ ಬರೆದು ರೂಢಿಯಿರುವವರಿಗೆ ಹದಿನೈದು ಅಂಕದ್ದು ಬಂದರೆ ಸಮಯ ಸಾಲುವುದಿಲ್ಲ. ನೋಟ್ಸಿಗಾಗಿ ತರಗತಿಯ ಮೊದಲ ಸ್ಥಾನದವರನ್ನೇ ಕೇಳಬೇಕಿಲ್ಲ. ಒಂಟಿಯಾಗಿ ಕೂರುವ ಇನ್ನೊಬ್ಬರು ಯಾವ ತರಗತಿಯಲ್ಲೂ ಇರುತ್ತಾರೆ, ಅವರ ಪಕ್ಕ ಹೋಗಿ ಕೂತರೆ ಎರಡೂ ಕಡೆಯವರಿಗೆ ಹಿತ.

ಅಧ್ಯಾಪಕರಲ್ಲಿ ನನ್ನ ಬೇಡಿಕೆ ಒಂದೇ. ನಡುವೆ ಬಂದು ಸೇರಿದವರಿದ್ದರೆ ಮೊದಲ ವಾರವೇ ಪಕ್ಕಕ್ಕೆ ಕರೆದು, ಹಿಂದಿನ ವರ್ಷ ನೀವೇನು ಓದಿದಿರಿ ಎಂದು ಕೇಳಿ. ಅಲ್ಲಿಗೆ ಅವರ ಅರ್ಧ ಭಯ ಇಳಿಯುತ್ತದೆ. ಎನ್‌ಎಸ್‌ಎಸ್ ಘಟಕ, ಕ್ರೀಡೆ, ಸಾಂಸ್ಕೃತಿಕ ವೇದಿಕೆಗೆ ಹೊಸಬರನ್ನು ಹೆಸರಿಟ್ಟು ಕರೆದರೆ ಅವರು ಬೇಗ ಬೇರೂರುತ್ತಾರೆ.

ಎಲ್ಲ ಪ್ರಯತ್ನ ಮಾಡಿಯೂ ಸೀಟು ಸಿಗದಿದ್ದರೆ, ಸಂಯೋಜನೆ ಹೊಂದದಿದ್ದರೆ, ಓದು ಅಲ್ಲಿಗೆ ನಿಲ್ಲಬೇಕಿಲ್ಲ. ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ, ಅದಕ್ಕೂ ಹಳೆಯದಾದ ಇಗ್ನೋ ಇದೆ. ಮನ್ನಣೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮೊದಲಿನಿಂದ ಶುರುಮಾಡಬೇಕೇ, ಹಿಂದಿನ ಪತ್ರಿಕೆಗಳಿಗೆ ಬೆಲೆಯಿದೆಯೇ ಎಂದು ಪ್ರಾದೇಶಿಕ ಕೇಂದ್ರದಲ್ಲಿ ಕೇಳಿ ಸೇರಿ. ಹೋಗಿ ಬರುವ ಅವಕಾಶ ಇರುವವರಿಗೆ ನಾನು ಹೇಳುವುದು ಮಾತ್ರ ಕಾಲೇಜನ್ನೇ. ಹೊಸ ಊರಿನಲ್ಲಿ, ಅದರಲ್ಲೂ ಹೊಸ ಮನೆಯಲ್ಲಿ, ದಿನಕ್ಕೆ ಐದು ತಾಸು ತನ್ನದೇ ಆದ ಜಾಗವೊಂದು, ತನ್ನದೇ ಹೆಸರಿನಿಂದ ಕರೆಯುವ ಗೆಳತಿಯರು ಇರುವುದು ಪದವಿಯಷ್ಟೇ ಬೆಲೆಯುಳ್ಳದ್ದು.

ಕೊನೆಯ ಸೆಮಿಸ್ಟರಿಗೆ ಬಂದಾಗ ಒಂದು ಕೆಲಸವಿದೆ. ಉಳಿದ ಪತ್ರಿಕೆಗಳೆಲ್ಲ ದಾಖಲಾಗಿವೆಯೇ, ಹಳೆಯ ವಿಶ್ವವಿದ್ಯಾಲಯದ ಅಂಕಗಳು ಹೊಸದರ ಒಟ್ಟು ಲೆಕ್ಕದಲ್ಲಿ 0 ಎಂದಾಗಲಿ, ಖಾಲಿಯೆಂದಾಗಲಿ ಉಳಿದಿಲ್ಲವೇ ಎಂದು ಪರೀಕ್ಷಾ ವಿಭಾಗದಲ್ಲಿ ಫಲಿತಾಂಶಕ್ಕೆ ಮುಂಚೆಯೇ ನೋಡಿಕೊಳ್ಳಿ. ಪದವಿ ಪ್ರಮಾಣಪತ್ರ ಕೊಡುವುದು ಹೊಸ ವಿಶ್ವವಿದ್ಯಾಲಯ. ಆದರೆ ಬಿ.ಇಡಿ, ಎಂ.ಎ, ನೇಮಕಾತಿಯ ದಾಖಲೆ ಪರಿಶೀಲನೆಗಳಲ್ಲಿ ಎರಡೂ ಕಡೆಯ ಅಂಕಪಟ್ಟಿ, ಅನುಮತಿ ಪತ್ರ, ಸಮಾನತೆಯ ಪತ್ರ ಕೇಳುತ್ತಾರೆ. ಅವನ್ನೆಲ್ಲ ಒಂದೇ ಕಡತದಲ್ಲಿ ಹಾಕಿ, ಪ್ರತಿಗಳನ್ನು ಡಿಜಿಲಾಕರ್‌ನಲ್ಲೂ ಫೋನಿನಲ್ಲೂ ಇಟ್ಟುಕೊಂಡು, ಮೂಲಗಳನ್ನು ತವರಿನಲ್ಲೋ ಗಂಡನ ಮನೆಯಲ್ಲೋ ಒಂದು ಕಡೆ ಮಾತ್ರ ಇಡಿ.